ನಾಲ್ಕಾಣೆಯ ಗುಡುಗು

ಮೊದಲು ಆ ಸದ್ದನ್ನು ಕೇಳಿ.

ನಾಣ್ಯವನ್ನು ಸೀಳಿನಲ್ಲಿ ನೆಟ್ಟಗೆ ನಿಲ್ಲಿಸಿ, ಉಕ್ಕಿನ ಚಪ್ಪಟೆ ನಾಲಿಗೆಯನ್ನು ಅಂಗೈಯಿಂದ ಒಳಕ್ಕೆ ತಳ್ಳಬೇಕು. ಅರ್ಧ ದಾರಿ ನುಣ್ಣಗೆ ಹೋಗುತ್ತದೆ. ಆಮೇಲೊಂದು ಸಣ್ಣ ಬಿಗಿ. ಅದನ್ನು ದಾಟಿದಿರೋ, ಒಳಗೆಲ್ಲೋ ಅಗುಳಿ ಜಾರಿದ ಹಾಗೆ 'ಖಟ್' ಎನ್ನುತ್ತದೆ. ಅರೆಗಳಿಗೆ ಏನೂ ಇಲ್ಲ. ಆಮೇಲೆ ಮೇಜಿನ ಹೊಟ್ಟೆಯೊಳಗೆ ಗುಡುಗು. 15 ಚೆಂಡುಗಳು ಒಂದನ್ನೊಂದು ನೂಕಿಕೊಂಡು, ಇಳಿಜಾರಿನ ಮರದ ದೋಣಿಯಲ್ಲಿ ಉರುಳುರುಳಿ ಬಂದು, ತುದಿಯ ಗೂಡಿನಲ್ಲಿ ಒತ್ತೊತ್ತಾಗಿ ಕೂರುತ್ತವೆ. ಸದ್ದು ಅಡಗಿತು ಎಂದುಕೊಳ್ಳುವಷ್ಟರಲ್ಲಿ ಕೊನೆಯದೊಂದು ಚೆಂಡು, ಜಾತ್ರೆಯಿಂದ ತಡವಾಗಿ ಮರಳುವ ಅಜ್ಜನ ಹಾಗೆ, ಒಂಟಿಯಾಗಿ ಉರುಳುತ್ತಾ ಬಂದು 'ಟಕ್' ಎಂದು ಸೇರಿಕೊಳ್ಳುತ್ತದೆ.

ತಿಪಟೂರು ಸೀಮೆಯವನಿಗೆ ಇದು ಹೊಸ ಸದ್ದಲ್ಲ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿಗಳು ತಿಂಗಳುಗಟ್ಟಲೆ ಒಣಗುತ್ತಾ ಬಿದ್ದಿರುತ್ತಿದ್ದ ಮನೆ ನಮ್ಮದು. ರಾತ್ರಿ ಬೆಕ್ಕೊಂದು ರಾಶಿ ಕದಲಿಸಿದರೆ ನೆತ್ತಿಯ ಮೇಲೆ ಹೀಗೇ ಗುಡುಗುತ್ತಿತ್ತು. ಕಂಬಳಿ ಮುಖದ ಮೇಲೆಳೆದುಕೊಂಡು, ಎಷ್ಟು ಕಾಯಿ ಉರುಳಿದವು ಎಂದು ಎಣಿಸುತ್ತಿದ್ದೆ. ಈಗ ಮಿಷಿಗನ್ನಿನ ನಮ್ಮ ಮನೆಯ ನೆಲಮಾಳಿಗೆಯಲ್ಲಿ, ಹೊರಗೆ ಹಿಮ ಬೀಳುವಾಗ, ಅದೇ ಗುಡುಗನ್ನು ಕಾಸು ಕೊಟ್ಟು ಕೇಳುತ್ತೇನೆ. ಡಾಲರಿನ ಕಾಲುಭಾಗವಾದ 25 ಸೆಂಟಿನ ನಾಣ್ಯಕ್ಕೆ ಇಲ್ಲಿ ಕ್ವಾರ್ಟರ್ ಎಂದು ಹೆಸರು. ನಮ್ಮ ಮನೆಯಲ್ಲಿ ಅದು ನಾಲ್ಕಾಣೆ. ಊರಿನ ನಾಲ್ಕಾಣೆ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು; ಹೆಸರಾದರೂ ಇಲ್ಲಿ ಓಡಾಡಿಕೊಂಡಿರಲಿ.

ಅಮೆರಿಕದ ಸಣ್ಣ ಊರುಗಳ ಬಾರುಗಳಲ್ಲಿ, ಮಂದ ದೀಪದಡಿ, ಒಂದು ಮೂಲೆಯಲ್ಲಿ ಇಂಥ ಪೂಲ್ ಟೇಬಲ್ ನಿಂತಿರುತ್ತದೆ. ಬಿಲಿಯರ್ಡ್ಸ್ ಕ್ಲಬ್ಬಿನ ಮೇಜು 12 ಅಡಿ. ಇದು 7 ಅಡಿಯದು. ಆ ದೊಡ್ಡ ಮೇಜನ್ನು ನಾನು ಚಿಕ್ಕಂದಿನಲ್ಲಿ ಒಮ್ಮೆ ಕ್ಲಬ್ಬೊಂದರ ಅರೆತೆರೆದ ಬಾಗಿಲಿನಿಂದ ನೋಡಿದ್ದೆ. ಹಸಿರು ಕೆರೆಯ ಮೇಲೆ ದೀಪಗಳು ಬಾಗಿದಂತೆ ಇತ್ತು. ಕಾವಲುಗಾರ ಗದರಿದ, ಓಡಿಬಂದೆ. ಬಾರಿನ ಈ ಪುಟ್ಟ ಮೇಜಿಗೆ ಕಾವಲುಗಾರನಿಲ್ಲ. ಜೇಬಿನಲ್ಲಿ ನಾಣ್ಯವಿದ್ದರೆ ಸಾಕು, ಹೊಲದಿಂದ ಬಂದವನಿಗೂ ಕಾರ್ಖಾನೆಯ ಪಾಳಿ ಮುಗಿಸಿ ಬಂದವಳಿಗೂ ಅದೇ ಕಲ್ಲು, ಅದೇ ಉಣ್ಣೆ, ಅದೇ ಗುಂಡು ಚೆಂಡು. ಒರಟು ಕೈಗೂ ಕುಡುಕರಿಗೂ ಬಗ್ಗದ ಹಾಗೆ ಕಟ್ಟಿದ್ದು; ಆದರೂ ಒಳಗೆ ಅಷ್ಟು ನಯ. ನನ್ನನ್ನು ಮರುಳು ಮಾಡಿದ್ದು ಈ ಜೋಡಿ.

ನನ್ನ ಮೇಜು ಸಿಕ್ಕಿದ್ದು ಮುಚ್ಚಲಿದ್ದ ಒಂದು ಬಾರಿನಲ್ಲಿ. ಮಾಲೀಕನಿಗೆ ವಯಸ್ಸಾಗಿತ್ತು; ಬೆಲೆ 350 ಡಾಲರ್, ಹೊತ್ತೊಯ್ಯುವುದು ನನ್ನ ಪಾಡು. ಅದರ ಮೇಲಿದ್ದ ಹೆಸರು ವ್ಯಾಲಿ. ಇದೇ ಮಿಷಿಗನ್ನಿನ ಬೇ ಸಿಟಿಯಲ್ಲಿ ತಯಾರಾಗಿ ದೇಶದ ಬಾರುಗಳನ್ನೆಲ್ಲ ತುಂಬಿದ ಮೇಜು ಇದು. 1979ರಲ್ಲಿ ಇದೇ ಹೆಸರಿನಲ್ಲಿ ಏಟ್‌ಬಾಲ್ ಆಟದ ಲೀಗೂ ಹುಟ್ಟಿಕೊಂಡಿತು. ಅಂಚಿನ ಪಟ್ಟಿಯ ಮೇಲೆ ಸಿಗರೇಟು ಸುಟ್ಟ ಕಂದು ಮಚ್ಚೆಗಳು ಸಾಲಾಗಿದ್ದವು. ಹಸಿರು ಬಟ್ಟೆ ಬಣ್ಣಗೆಟ್ಟು, ಚೆಂಡುಗಳನ್ನು ತ್ರಿಕೋನವಾಗಿ ಜೋಡಿಸುವ ಕಡೆ ಬಿಳಿ ಚುಕ್ಕೆಗಳು ಬಿದ್ದಿದ್ದವು. ಜೋರಾಗಿ ಹೊಡೆದಾಗ ಚೆಂಡು ಬಟ್ಟೆಯನ್ನು ಉಜ್ಜಿ ಸುಡುವ ಗುರುತು ಅದು. ಎಷ್ಟು ಸಾವಿರ ಆಟಗಳ ಮೊದಲ ಏಟು ಅಲ್ಲಿ ಅಚ್ಚಾಗಿತ್ತೋ. ನಾನು ನೋಡಿದ್ದು ಅದನ್ನಲ್ಲ. ಮಂಡಿಯೂರಿ, ಟಾರ್ಚು ಹಿಡಿದು, ಅಡಿಗೆ ಕೈ ತೂರಿಸಿ ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಮಡಕೆ ಕೊಳ್ಳುವಾಗ ಅಮ್ಮ ತಟ್ಟುವ ಹಾಗೆ. ಬಿರುಕಿಲ್ಲದ ಸ್ವರ ಬಂತು. ಬೆಲೆಗೆ ಚೌಕಾಸಿ ಮಾಡುವ ಮನಸ್ಸೇ ಆಗಲಿಲ್ಲ.

ಸುಮಾರು 300 ಕಿಲೋ ತೂಗುವ ವಸ್ತು. ಕನ್ನಡ ಕೂಟದ ನಾಲ್ವರು ಬಂದರು. ಕಾಲುಗಳ ಬೋಲ್ಟು ಬಿಚ್ಚಿ, ಮಗ್ಗುಲಿಗೆ ಒರಗಿಸಿ, ಕಂಬಳಿ ಸುತ್ತಿ ಎತ್ತಿದಾಗ ಪುತ್ತೂರಿನ ಗೆಳೆಯ ಉಸಿರು ಬಿಡುತ್ತಾ, "ಇದು ಮೇಜಾ ಮಾರಾಯಾ, ಆನೆಯಾ?" ಎಂದ. ದಿಣ್ಣೆಯ ಮಗ್ಗುಲಿನ ಮನೆಯಾದ್ದರಿಂದ ನೆಲಮಾಳಿಗೆಗೆ ಹಿಂದಿನಿಂದ ಸಮತಟ್ಟಾದ ಬಾಗಿಲಿದೆ. ಅದಿಲ್ಲದಿದ್ದರೆ ಆ ನಾಲ್ವರ ಸ್ನೇಹ ಇವತ್ತು ಉಳಿದಿರುತ್ತಿರಲಿಲ್ಲ.

ಮುಂದಿನ ಎರಡು ತಿಂಗಳ ಸಂಜೆಗಳು ನನ್ನ ಪಾಲಿನ ಹಬ್ಬ.

ಅಂಚಿನ ಚೌಕಟ್ಟು ಪೂರ್ತಿ ಒಂದೇ ತುಂಡಾಗಿ ಎದ್ದು ಬರುತ್ತದೆ. ಹಳೆಯ ಬಟ್ಟೆಯನ್ನು ಒಂದು ಮೂಲೆಯಿಂದ ಹಿಡಿದು, ಸುಲಿದೆ. ಅಂಟು ಬಿಡುವ ಸರ್ರೆಂಬ ಸದ್ದಿನ ಹಿಂದೆಯೇ ಕಲ್ಲು ಕಂಡಿತು. ಕಪ್ಪಲ್ಲ, ನೀಲಿಯಲ್ಲ, ಮಳೆಗೆ ಮುನ್ನಿನ ಮೋಡದ ಬಣ್ಣ. ಅಂಗೈ ಇಟ್ಟೆ. ತಣ್ಣಗೆ, ಒಣಗಿದ ರೇಷ್ಮೆಯಂಥ ನಯ. ಒಂದನೇ ತರಗತಿಯ ಸ್ಲೇಟು! ಅಕ್ಷರ ತಪ್ಪಿದಾಗ ಉಗುಳು ಹಚ್ಚಿ ಒರೆಸಿದ್ದು ಇದೇ ಕಲ್ಲನ್ನು. ಇಲ್ಲಿ ಅದು ನನ್ನೆತ್ತರಕ್ಕೂ ಮೀರಿ, ಒಂದೇ ಹಾಸಾಗಿ ಮಲಗಿತ್ತು.

ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಪದರ ಪದರವಾಗಿ ಕೂತ ನುಣ್ಣನೆಯ ಕೆಸರು, ಭೂಮಿಯ ಒತ್ತಡಕ್ಕೂ ಕಾವಿಗೂ ಸಿಕ್ಕಿ ಸ್ಲೇಟಾಗುತ್ತದೆ. ಹಾಳೆಗಳಂತೆ ಸೀಳುವ ಗುಣವಿರುವುದರಿಂದ ಅಗಲವಾದ ಚಪ್ಪಡಿ ಏಳುತ್ತದೆ. ಉಜ್ಜಿದರೆ ನೀರಿನಷ್ಟು ಸಮವಾಗುತ್ತದೆ. ಮರದ ಹಾಗೆ ಮಳೆಗಾಲಕ್ಕೆ ಉಬ್ಬದು, ಬೇಸಿಗೆಗೆ ಸೊಟ್ಟಗಾಗದು. ಲಂಡನ್ನಿನ ಜಾನ್ ಥರ್ಸ್ಟನ್ 1826ರಲ್ಲಿ ಮರ ಬಿಟ್ಟು ಸ್ಲೇಟು ಹಾಸಿದ ಮೇಲೆ ಈ ಆಟ ಬೇರೆ ಕಲ್ಲು ಕೇಳಿಲ್ಲ. ಬಿಲಿಯರ್ಡ್ಸ್ ಸ್ಲೇಟಿಗೆ ಹೆಸರಾದದ್ದು ಇಟಲಿಯ ಲಿಗೂರಿಯಾ ಸೀಮೆ. ಅಲ್ಲಿ ಲವಾನ್ಯಾ ಎಂಬ ಊರಿದೆ. ಇಟಲಿಯ ಭಾಷೆಯಲ್ಲಿ ಶಾಲೆಯ ಕರಿಹಲಗೆಗೆ ಆ ಊರಿನ ಹೆಸರೇ ನಿಂತುಬಿಟ್ಟಿದೆ. ಅಲ್ಲಿಯ ಮಕ್ಕಳೂ ನಾನೂ ಒಂದೇ ಕಲ್ಲಿನ ಮೇಲೆ ಅಕ್ಷರ ಕಲಿತವರು ಎಂದು ತಿಳಿದ ದಿನ ಮನಸ್ಸಿಗೆ ಎಷ್ಟು ಸಂತೋಷವಾಯಿತೆಂದರೆ, ಹಳೆಯ ಅಂಟನ್ನು ಬ್ಲೇಡಿನಿಂದ ಹೆರೆಯುವ ಮೂರು ಸಂಜೆಗಳ ಕೆಲಸ ಹೂವೆತ್ತಿದಂತೆ ಆಯಿತು.

ಕಲ್ಲು ಕಾಯುತ್ತದೆ, ರಬ್ಬರು ಕಾಯುವುದಿಲ್ಲ. ಅಂಚಿನ ಕುಶನ್ನುಗಳು ಒಣಗಿ ಬಿಸ್ಕತ್ತಿನಂತಾಗಿದ್ದವು. ಚೆಂಡು ಬಡಿದರೆ 'ದಬ್' ಎಂದು ಸತ್ತ ಸದ್ದು. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ, ಗಂಧಕ ಬೆರೆಸಿ ಕಾಯಿಸಿದ ರಬ್ಬರು ಬಂದ ಮೇಲೆಯೇ ಇಂಥ ಅಂಚಿಗೆ ಚಳಿಗೂ ಸೆಖೆಗೂ ಒಂದೇ ರೀತಿ ಪುಟಿಯುವ ಜೀವ ಬಂದದ್ದು. ಅದಕ್ಕೂ ಮುಪ್ಪಿದೆ. ಆರು ಪಟ್ಟಿಗಳನ್ನು ಕಿತ್ತು, ಮರವನ್ನು ಉಜ್ಜಿ, ಹೊಸ ಪಟ್ಟಿಗಳನ್ನು ಅಂಟಿಸಿದೆ. ಈ ಪಟ್ಟಿಯ ಮೂಗು ಚೆಂಡಿನ ನಡುವಿಗೆ ತಾಗಬಾರದು, ನಡುವಿಗಿಂತ ಚೂರು ಮೇಲೆ, ಚೆಂಡಿನ ಎತ್ತರದ ಶೇಕಡಾ 63ರ ಆಸುಪಾಸಿನಲ್ಲಿ ತಾಗಬೇಕು. 57 ಮಿಲಿಮೀಟರಿನ ಚೆಂಡಿಗೆ ಅದು 36 ಮಿಲಿಮೀಟರು. ಕೆಳಗಾದರೆ ಚೆಂಡು ನೆಗೆಯುತ್ತದೆ. ಮೇಲಾದರೆ ಕಲ್ಲಿಗೆ ಒತ್ತಿಕೊಂಡು ಸೊರಗುತ್ತದೆ. ಹದಕ್ಕೆ ಕೂತಿತೆನ್ನಿ, ಆಗ ಚೆಂಡು ಬಂದ ದಾರಿಯನ್ನೇ ಕನ್ನಡಿಯಲ್ಲಿ ನೋಡಿಕೊಂಡು ತಿರುಗಿದಂತೆ, ನೆಲ ಬಿಡದೆ, ಉರುಳುತ್ತಲೇ ಮರಳುತ್ತದೆ. ಆ ಮರಳುವಿಕೆಯನ್ನು ನೋಡಬೇಕೆಂದೇ, ಬಟ್ಟೆ ಹೊದೆಸುವ ಮೊದಲು, ಬರಿ ಕಲ್ಲಿನ ಮೇಲೆ ಒಂದೇ ಚೆಂಡನ್ನು ಅರ್ಧ ಗಂಟೆ ಉರುಳಿಸುತ್ತಾ ಕೂತೆ. ಹೆಂಡತಿ ಮೆಟ್ಟಿಲ ಮೇಲಿಂದ ಇಣುಕಿ, ಏನೂ ಹೇಳದೆ ದೀಪವೊಂದನ್ನು ಹಾಕಿ ಹೋದಳು.

ಬಟ್ಟೆಯ ಮಾತಿಗೆ ಬಂದರೆ ನಾನು ಸ್ವಲ್ಪ ಸಡಿಲಾಗುತ್ತೇನೆ. ಬಾರಿನ ಮೇಜುಗಳಿಗೆ ಸಾಮಾನ್ಯವಾಗಿ ಹೊದೆಸುವುದು ಕುಚ್ಚೆದ್ದ ದಪ್ಪ ಉಣ್ಣೆ ಬಟ್ಟೆ. ತಡೆಯುತ್ತದೆ, ಬಾಳಿಕೆ ಬರುತ್ತದೆ, ಚೆಂಡಿನ ಓಟವನ್ನು ಮಾತ್ರ ಹಿಡಿಯುತ್ತದೆ. ಇನ್ನೊಂದು ಬಗೆಯಿದೆ: ಉಣ್ಣೆಯ ಎಳೆಗಳನ್ನು ಬಾಚಿ, ಗಿಡ್ಡ ಎಳೆ ತೆಗೆದು, ಉದ್ದದವನ್ನೇ ಬಿಗಿಯಾಗಿ ಹೊಸೆದು ನೇಯ್ದದ್ದು. ಬೆಲ್ಜಿಯಮ್ಮಿನ ವೆರ್ವಿಯೆ ಊರಿನ ಸಿಮೋನಿಸ್ ಮನೆತನದ ಹೆಸರಿನಲ್ಲಿ 1680ರಿಂದ ನೇಯ್ಗೆ ನಡೆದಿದೆ. ಅವರ ಹಸಿರು ಬಟ್ಟೆಯ ಒಂದು ತುಂಡು ತರಿಸಿದೆ. ಸುರುಳಿ ಬಿಚ್ಚಿದಾಗ ಮುಖಕ್ಕೆ ಹಿಡಿದು ಮೂಸಿದೆ. ಹೊಸ ಉಣ್ಣೆಯ, ಸ್ವಲ್ಪ ಎಣ್ಣೆಯ, ಸ್ವಲ್ಪ ಬಿಸಿಲಿನ ವಾಸನೆ. ಬೆಳಕಿಗೆ ಓರೆ ಮಾಡಿದರೆ ಒಂದು ಕುಚ್ಚೂ ಏಳದ ಮೈ. ನಾಟಿ ಮುಗಿದ ಗದ್ದೆಯನ್ನು ದಿಬ್ಬದ ಮೇಲಿಂದ ನೋಡಿದ ಹಾಗೆ, ದೂರಕ್ಕೆ ಒಂದೇ ಹಸಿರು, ಹತ್ತಿರಕ್ಕೆ ಸಾಲು ಸಾಲು.

ಅದನ್ನು ಕಲ್ಲಿನ ಮೇಲೆ ಎಳೆದು ಅಂಟಿಸುವುದಕ್ಕೆ ನಾಲ್ಕು ಕೈ ಬೇಕು. ನನ್ನ ಎದುರು ನಿಂತದ್ದು ಮಗಳು. ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ. ಸಡಿಲ ಬಿಟ್ಟರೆ ಚೆಂಡಿನ ಮುಂದೆ ಅಲೆಯೇಳುತ್ತದೆ. ಎಳೆದದ್ದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾದರೆ ಅದೂ ಆಟದಲ್ಲಿ ತೋರುತ್ತದೆ. ಮಗ್ಗದ ಹಾಸಿನಂತೆ ಎಲ್ಲ ಕಡೆಯೂ ಒಂದೇ ಬಿಗಿ ಬರಬೇಕು. ಪಾಕೆಟ್ಟಿನ ಬಾಯಲ್ಲಿ ಬಟ್ಟೆಯನ್ನು ಸಣ್ಣಗೆ ಸೀಳಿ, ಸೀರೆ ನೆರಿಗೆ ಹಿಡಿದ ಹಾಗೆ ಮಡಿಚಿ ಒಳಕ್ಕೆ ಅಂಟಿಸುವುದೇ ಕಷ್ಟದ ಕೆಲಸ. ಅಲ್ಲಿ ನನ್ನ ಬೆರಳಿಗಿಂತ ಮಗಳ ಬೆರಳು ಜಾಣ. ಮುಗಿದ ಮೇಲೆ ಇಬ್ಬರೂ ಸುಮ್ಮನೆ ನಿಂತು ಆ ಹಸಿರನ್ನು ಅಂಗೈಯಿಂದ ಸವರಿದೆವು. ಒಂದು ಸುಕ್ಕಿಲ್ಲ.

ಇನ್ನು ಹೊಟ್ಟೆಯೊಳಗಿನ ಚಮತ್ಕಾರ. ಕಾಸಿನ ಮೇಜಿಗೆ ಒಂದು ತೊಡಕಿದೆ: ಪಾಕೆಟ್ಟಿಗೆ ಬಿದ್ದ ಬಣ್ಣದ ಚೆಂಡುಗಳನ್ನು ಅದು ಬಚ್ಚಿಟ್ಟುಕೊಳ್ಳಬೇಕು, ಬಿಳಿ ಚೆಂಡು ಬಿದ್ದರೆ ಮಾತ್ರ ಹಿಂದಿರುಗಿಸಬೇಕು. ಕಣ್ಣಿಲ್ಲದ ಮರದ ದೋಣಿಗೆ ಬಿಳಿ ಯಾವುದು, ಕೆಂಪು ಯಾವುದು ಎಂದು ಹೇಗೆ ಗೊತ್ತಾಗಬೇಕು? ಕೆಲವು ಮೇಜುಗಳಲ್ಲಿ ಬಿಳಿಯದನ್ನು ಕೂದಲೆಳೆ ದೊಡ್ಡದು ಮಾಡಿರುತ್ತಾರೆ. ಉಳಿದವು ಎರಡೂಕಾಲು ಇಂಚು, ಅದು ಎರಡು ಇಂಚು ಮತ್ತು ಎಂಟರಲ್ಲಿ ಮೂರು ಪಾಲು. ಸಣ್ಣವು ನುಸುಳುವ ಕಂಡಿಯಲ್ಲಿ ಅದು ನುಸುಳದೆ ಬೇರೆ ದಾರಿ ಹಿಡಿಯುತ್ತದೆ. ನನ್ನದರಲ್ಲಿ ಇರುವುದು ಅಯಸ್ಕಾಂತ. ಬಿಳಿ ಚೆಂಡಿನೊಳಗೆ ಕಬ್ಬಿಣದ ಅಂಶ. ದಾರಿಯ ಮಗ್ಗುಲಲ್ಲಿ ಅಯಸ್ಕಾಂತದ ತುಂಡು. ಉರುಳಿ ಬರುವ ಬಿಳಿಯದನ್ನು ಅದು ಸೆರಗು ಹಿಡಿದು ಎಳೆದಂತೆ ಚೂರೇ ಪಕ್ಕಕ್ಕೆ ಸರಿಸುತ್ತದೆ, ಅಷ್ಟರಿಂದಲೇ ಚೆಂಡಿನ ದಾರಿ ಬದಲಾಗುತ್ತದೆ. ತಂತಿಯಿಲ್ಲ, ವಿದ್ಯುತ್ತಿಲ್ಲ. ಮುಚ್ಚಳ ತೆಗೆದಿಟ್ಟು, ಹತ್ತಾರು ಬಾರಿ ಬಿಳಿ ಚೆಂಡನ್ನು ಕೆಡವಿ, ಆ ಸಣ್ಣ ಓಲುವಿಕೆಯನ್ನು ನೋಡಿದ್ದೇನೆ. ಇನ್ನೂ ತಣಿದಿಲ್ಲ.

ಚೆಂಡುಗಳನ್ನು ಮಾತ್ರ ಹೊಸದಾಗಿ ಕೊಂಡೆ. ಬೆಲ್ಜಿಯಮ್ಮಿನ ಸಾಲುಕ್ ಕಾರ್ಖಾನೆಯ ಅರಾಮಿತ್ ಚೆಂಡುಗಳು, ಫಿನಾಲಿಕ್ ರಾಳದವು. ಒಂದು ಕಾಲಕ್ಕೆ ಇವನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ಒಂದು ದಂತಕ್ಕೆ ಬೆರಳೆಣಿಕೆಯ ಚೆಂಡು. ದಂತಕ್ಕೆ ಬದಲಿ ಹುಡುಕಿದವರಿಗೆ ಅಮೆರಿಕದ ಮೇಜು ತಯಾರಕರು 10,000 ಡಾಲರ್ ಬಹುಮಾನ ಸಾರಿದ್ದರು. ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡಿಗೆ ಕೈ ಹಾಕಿದ್ದು ಆ ಹುಡುಕಾಟದಲ್ಲೇ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಬೇಕಲೈಟ್ ಮಾಡಿದ. ನನ್ನ ಕೈಯ ಚೆಂಡು ಆ ವಂಶದ ಕುಡಿ. ಹಳದಿ ಒಂದನೇ ನಂಬರನ್ನು ಕೈಯಲ್ಲಿ ಹಿಡಿದರೆ ತಣ್ಣಗೆ, ತೂಕವಾಗಿ, ಮೊಸರಿನ ಕೆನೆಯಂಥ ಹೊಳಪು. ಎರಡನ್ನು ಮೆಲ್ಲಗೆ ತಾಗಿಸಿದರೆ ಬರುವ ಸದ್ದಿಗೆ ನನ್ನಲ್ಲಿ ಪದವಿಲ್ಲ. ಕೇರಂ ಕಾಯಿಯ ಒಣ ಸದ್ದಲ್ಲ, ಗೋಲಿಯ ಗಾಜಿನ ಸದ್ದೂ ಅಲ್ಲ. ತುಂಬಿದ, ದುಂಡನೆಯ, ಅಲ್ಲೇ ಮುಗಿದುಹೋಗುವ ಒಂದು ಅಕ್ಷರ.

ಚೆಂಡು ಹೊಡೆಯುವ ಕೋಲಿನ, ಅಂದರೆ ಕ್ಯೂನ, ತುದಿಯ ತೊಗಲಿಗೆ ಹಚ್ಚುವ ನೀಲಿ ಚಾಕಿನ ತುಂಡನ್ನು ನೋಡಿ ನಗು ಬರುತ್ತದೆ. ಸ್ಲೇಟಿದ್ದ ಮೇಲೆ ಬಳಪ ಇರಲೇಬೇಕಲ್ಲ! ಆದರೆ ಇದು ಬಳಪದ ವೇಷ ಹಾಕಿದ ಬೇರೆ ಪುಡಿ. ವಿಲಿಯಂ ಸ್ಪಿಂಕ್ಸ್ ಎಂಬ ಆಟಗಾರನೂ ವಿಲಿಯಂ ಹಾಸ್ಕಿನ್ಸ್ ಎಂಬ ರಸಾಯನಜ್ಞನೂ ಸೇರಿ 1897ರಲ್ಲಿ ಪೇಟೆಂಟ್ ಪಡೆದ, ಮರಳಿನಷ್ಟು ಗರಗರ ಕಣಗಳ ಮಿಶ್ರಣ. ತೊಗಲು ಜಾರದಂತೆ ಹಿಡಿಯುವುದು ಆ ಗರಗರವೇ.

ಕಾಸಿನ ಪೆಟ್ಟಿಗೆಯ ಬೀಗದ ಕೈ ಕಳೆದಿತ್ತು. ಕೊಳವೆಯಂಥ ದುಂಡು ಕೀಲಿ ಬೇಡುವ ಬೀಗ. ಬೀಗದವನು ಬಂದು ಅರ್ಧ ಗಂಟೆಯಲ್ಲಿ ತೆರೆದ. ಒಳಗೆ ಪೆಟ್ಟಿಗೆ ಬರಿದು. ಅದರ ಹಿಂದೆ, ನೂಲಿನ ಜಾಲದಲ್ಲಿ ಸಿಕ್ಕಿಕೊಂಡು ನಾಲ್ಕು ನಾಣ್ಯ. ಒಂದರ ಮೇಲೆ ಡೋಲು ಬಾರಿಸುವವನ ಚಿತ್ರ; ಸ್ವಾತಂತ್ರ್ಯದ ಇನ್ನೂರನೇ ವರ್ಷಕ್ಕೆಂದು 1776–1976 ಎಂದು ಅಚ್ಚು ಹಾಕಿದ್ದು. ಉಳಿದ ಮೂರಕ್ಕೆ ಕೆಂಪು ಉಗುರುಬಣ್ಣ ಬಳಿದಿತ್ತು. ಇದು ಬಾರಿನವರ ಹಳೆಯ ಜಾಣತನ. ಮೇಜು ಬಾಡಿಗೆಗೆ ಇಟ್ಟವನು ಪೆಟ್ಟಿಗೆ ತೆರೆದು ಪಾಲು ಮಾಡುವಾಗ, ಗಿರಾಕಿಗಳನ್ನು ಸೆಳೆಯಲೆಂದು ಬಾರಿನವರೇ ಹಾಕಿದ ಕೆಂಪು ನಾಣ್ಯಗಳನ್ನು ಎಣಿಸದೆ ಹಿಂದಿರುಗಿಸುತ್ತಾನೆ. ಮನೆಯ ಕಾಸು ಮನೆಗೆ. ಆ ಮೂರನ್ನೂ ಒರೆಸದೆ ಇಟ್ಟುಕೊಂಡೆ. ಈಗ ಮೇಜಿನ ಪಕ್ಕದ ಗೂಡಿನಲ್ಲಿ, ಊರಿಂದ ತಂದ ಕುಂಕುಮದ ಹಿತ್ತಾಳೆ ಬಟ್ಟಲಲ್ಲಿ, ಅವೇ ನಮ್ಮ ಮನೆಯ ಚಲಾವಣೆ.

ಸೀಳುಗಳಲ್ಲಿ ಮೂರು ನಾಣ್ಯ ಕೇಳುತ್ತಿದ್ದುದನ್ನು, ಎರಡಕ್ಕೆ ತುಂಡು ತಗಡು ಬಿಗಿದು, ಒಂದಕ್ಕೆ ಇಳಿಸಿದೆ. ಉಕ್ಕಿನ ನಾಲಿಗೆಗೆ ಮೆತ್ತಿದ್ದ ವರ್ಷಗಳ ಬಿಯರ್ ಜಿಗುಟನ್ನು ತೊಳೆದು, ಒರೆಸಿ, ಒಣ ಗ್ರಾಫೈಟ್ ಪುಡಿ ಊದಿದೆ. "ಮನೆಯೊಳಗೆ ಕಾಸಿನ ಕಾಟ ಯಾಕೆ, ಕೊಕ್ಕೆ ತೆಗೆದು ಚೆಂಡು ಸುಮ್ಮನೆ ಬರೋ ಹಾಗೆ ಮಾಡು" ಎಂದವರು ಅನೇಕರು. ಹಾಗೆ ಮಾಡುವುದು ಸುಲಭ. ಬಹಳ ಮನೆಗಳಲ್ಲಿ ಮಾಡಿಯೂ ಇರುತ್ತಾರೆ. ನನಗೆ ಮನಸ್ಸಾಗಲಿಲ್ಲ. ಕೇರಂನಲ್ಲಿ ನಾವು ಎಷ್ಟು ಸಲ ಕೈ ಜಾರಿತೆಂದು ಕಾಯಿ ಹೊರಗೆ ತೆಗೆದು ಮತ್ತೆ ಇಟ್ಟಿಲ್ಲ! ಇಲ್ಲಿ ಆ ಮಾತೇ ಇಲ್ಲ. ಬಿದ್ದ ಚೆಂಡು ಬಿತ್ತು. ಅದು ದೋಣಿಯಲ್ಲಿ ಉರುಳಿಹೋಗುವ ಸದ್ದು ಕೇಳುತ್ತದೆ, ಕೈ ಮಾತ್ರ ತಲುಪುವುದಿಲ್ಲ. ಅದಕ್ಕೇ ಹೊಡೆಯುವ ಮುನ್ನ ಉಸಿರು ತಾನೇ ನಿಧಾನವಾಗುತ್ತದೆ, ಕಣ್ಣು ಇನ್ನೊಮ್ಮೆ ಗೆರೆ ನೋಡುತ್ತದೆ.

ಕಟ್ಟಕಡೆಗೆ ಮಟ್ಟ ನೋಡುವ ಕೆಲಸ. ಗಾರೆಯವರು ಬಳಸುವ ಆ ಗಾಳಿಗುಳ್ಳೆಯ ಸಲಕರಣೆಗೆ ನಮ್ಮ ಕಡೆ ರಸಮಟ್ಟ ಎಂದು ಎಷ್ಟು ಚಂದದ ಹೆಸರಿಟ್ಟಿದ್ದಾರೆ! ಕಾಲಿನ ತಿರುಪುಗಳನ್ನು ಕಾಲು ಸುತ್ತು, ಅರೆ ಸುತ್ತು ತಿರುಗಿಸುತ್ತಾ, ಕಲ್ಲಿನಡಿ ಒಂದು ಕಡೆ ಎರಡು ಇಸ್ಪೀಟು ಎಲೆ ತೂರಿಸಿ, ಗುಳ್ಳೆಯನ್ನು ಎರಡು ಗೆರೆಗಳ ನಡುವೆ ಕೂರಿಸಿದೆ. ನಿಜವಾದ ತೀರ್ಪು ಮಾತ್ರ ಚೆಂಡಿನದು. ಉದ್ದಕ್ಕೂ ಅತ್ತ ತುದಿ ಮುಟ್ಟಲಿ ಎನ್ನುವಷ್ಟೇ ಬಲದಲ್ಲಿ, ಮೆಲ್ಲಗೆ, ಬಹಳ ಮೆಲ್ಲಗೆ, ಒಂದು ಚೆಂಡನ್ನು ಬಿಟ್ಟೆ. ಅದು ಹೋಯಿತು. ನಡುಗೆರೆ ದಾಟಿತು. ವೇಗ ಕಳೆದುಕೊಳ್ಳುತ್ತಾ ಹೋಗುವಾಗಲೇ ಚೆಂಡು ಬಗ್ಗುವುದು, ಅದು ಬಗ್ಗಲಿಲ್ಲ. ನಂಬರಿನ ಬಿಳಿ ವೃತ್ತ ಏಳುತ್ತಾ ಮುಳುಗುತ್ತಾ, ಏಳುತ್ತಾ ಮುಳುಗುತ್ತಾ, ಕುಶನ್ನಿನ ಮೂಗಿಗೆ ಮುತ್ತಿಟ್ಟಂತೆ ತಾಗಿ, ನಿಂತಿತು.

ಒಂದೇ ಒಂದನ್ನು ನಾನು ಸರಿಮಾಡಲಿಲ್ಲ. ದೋಣಿಯ ಮರದಲ್ಲಿ, ಗೂಡಿಗೆ ಒಂದು ಗೇಣು ಮುಂಚೆ, ಸವೆದು ಬಿದ್ದ ಸಣ್ಣ ತಗ್ಗಿದೆ. ಸಾಲಾಗಿ ಬರುವ ಚೆಂಡುಗಳು ಹಿಂದಿನವುಗಳ ನೂಕಿಗೆ ಅದನ್ನು ಗಮನಿಸದೆ ದಾಟುತ್ತವೆ. ಕೊನೆಯದನ್ನು ನೂಕುವವರಿಲ್ಲ. ಅದು ಆ ತಗ್ಗಿನಲ್ಲಿ ಒಂದು ಗಳಿಗೆ ತಡವರಿಸಿ, ಆಚೆ ಏರಿ, ಆಮೇಲೆ ಬರುತ್ತದೆ. ಚೂರು ಮರದ ಪುಟ್ಟಿ ಮೆತ್ತಿ ಉಜ್ಜಿದ್ದರೆ ಹತ್ತು ನಿಮಿಷದ ಕೆಲಸ. ಪುಟ್ಟಿಯ ಡಬ್ಬಿ ಕೈಯಲ್ಲಿ ಹಿಡಿದು, ಮುಚ್ಚಳ ತೆರೆದು, ಮತ್ತೆ ಮುಚ್ಚಿಟ್ಟೆ.

ನಿನ್ನೆ ರಾತ್ರಿ ಮಗಳು ಎಂಟನೇ ನಂಬರಿನ ಕಪ್ಪು ಚೆಂಡನ್ನು ಹೊತ್ತಿಗೆ ಮೊದಲೇ ಕೆಡವಿ ಸೋತಳು. "ಅಪ್ಪಾ, ಅದು ಲೆಕ್ಕಕ್ಕಿಲ್ಲ" ಎಂದು ಪಾಕೆಟ್ಟಿಗೆ ಕೈ ಹಾಕಿ, ಬರಿಗೈ ತೆಗೆದಳು. ಮೇಜಿನ ಮೇಲೆ ಉಳಿದ ಬಣ್ಣದ ಚೆಂಡುಗಳನ್ನೂ ಪಾಕೆಟ್ಟುಗಳಿಗೆ ನೂಕಿ, ಬಟ್ಟಲಿನಿಂದ ಕೆಂಪು ನಾಲ್ಕಾಣೆಯೊಂದನ್ನು ಆರಿಸಿ, ಸೀಳಿನಲ್ಲಿ ನಿಲ್ಲಿಸಿ, ಅಂಗೈಯಿಂದ ತಳ್ಳಿದಳು. ಗುಡುಗಿತು. ಹದಿನಾಲ್ಕು ಬಂದವು. ಇಬ್ಬರೂ ಮಾತಿಲ್ಲದೆ, ತ್ರಿಕೋನದ ಚೌಕಟ್ಟು ಕೈಯಲ್ಲಿ ಹಿಡಿದು, ಹದಿನೈದನೆಯದಕ್ಕೆ ಕಿವಿಕೊಟ್ಟು ನಿಂತೆವು.